ಲೋಕಲ್ ಹಿಡಿಯುವವರಿಗೆ ನೆಮ್ಮದಿಯ ಪಾಠಗಳು

ಥಾಣೆಯ ಘೋಡ್‌ಬಂದರ್ ರಸ್ತೆಯಲ್ಲಿ, ಡೊಂಬಿವಲಿಯಿಂದ ಶಿಲ್‌ಫಾಟಾ ಕಡೆ ಹೋಗುವ ದಾರಿಯಲ್ಲಿ, ಖಾರ್‌ಘರ್ ಬೆಟ್ಟದ ಬುಡದಲ್ಲಿ ಹೊಸ ಕಟ್ಟಡಗಳ ಜಾಹೀರಾತು ಫಲಕಗಳನ್ನು ನೋಡಿರುತ್ತೀರಿ. ಹೆಸರುಗಳು ಸ್ಪೇನಿನವು, ಇಟಲಿಯವು. ಹೇಳುವುದು ಮಾತ್ರ ಒಂದೇ: ಇಲ್ಲಿ ಮನೆ ಕೊಂಡರೆ ಮನಸ್ಸು ತಣ್ಣಗಿರುತ್ತದೆ. ಶಾಂತಿಯನ್ನು ಚದರಡಿ ಲೆಕ್ಕದಲ್ಲಿ ಮಾರುವ ಈ ಸೀಮೆಯಲ್ಲೇ ನಾನು ಬಹುಕಾಲದಿಂದ ಪ್ರಾಣಾಯಾಮ, ಧ್ಯಾನ ಹೇಳಿಕೊಡುತ್ತಿದ್ದೇನೆ. ಅದಕ್ಕೂ ಮೊದಲು ಫೋರ್ಟಿನ ಕಚೇರಿಯೊಂದರಲ್ಲಿ ಕೆಲಸ. ಬೆಳಿಗ್ಗೆ ಡೊಂಬಿವಲಿಯಿಂದ ವಿ.ಟಿ., ಸಂಜೆ ವಿ.ಟಿ.ಯಿಂದ ಡೊಂಬಿವಲಿ. ನನ್ನ ಕ್ಲಾಸಿಗೆ ಬರುವವರಲ್ಲಿ ಹೆಚ್ಚಿನವರು ನಮ್ಮ ಕನ್ನಡಿಗರು, ತುಳುವರು: ಹೋಟೆಲಿನವರು, ಬ್ಯಾಂಕಿನವರು, ಶಿಕ್ಷಕಿಯರು, ನರ್ಸುಗಳು, ಐರೋಲಿ–ಮಹಾಪೆಯ ಐ.ಟಿ. ಕಂಪನಿಗಳ ಹುಡುಗರು. ಎಲ್ಲರದ್ದೂ ಒಂದೇ ಪ್ರಶ್ನೆ: ‘ಇಷ್ಟು ಗದ್ದಲದಲ್ಲಿ ನೆಮ್ಮದಿ ಎಲ್ಲಿಂದ ತರೋಣ?’ ಕಲಿಸುತ್ತಾ, ಕಲಿಯುತ್ತಾ ನನಗೆ ದಕ್ಕಿದ ಉತ್ತರಗಳು ಇಲ್ಲಿವೆ.

1. ಮನೆಯನ್ನಲ್ಲ, ಹೊರಡುವ ಹೊತ್ತನ್ನು ಬದಲಿಸಿ

1853ರ ಏಪ್ರಿಲ್ 16ರಂದು ದೇಶದ ಮೊದಲ ಪ್ರಯಾಣಿಕರ ರೈಲು ಬೋರಿಬಂದರಿನಿಂದ ಥಾಣೆಗೆ ಬಂತು; ಮರುವರ್ಷ ಹಳಿ ಕಲ್ಯಾಣ ಮುಟ್ಟಿತು. ಅಂದಿನಿಂದ ಈ ಊರುಗಳ ನಾಡಿ ರೈಲಿನ ವೇಳಾಪಟ್ಟಿಯೇ. ಇಲ್ಲಿನವರ ಅಶಾಂತಿಯ ಅರ್ಧ ಪಾಲು ಮನಸ್ಸಿನಲ್ಲಿಲ್ಲ, ಸ್ಟೇಷನ್ನಿನ ಮೆಟ್ಟಿಲಲ್ಲಿದೆ. ಇಂಡಿಕೇಟರ್ ನೋಡಿ ಮೆಟ್ಟಿಲಿಳಿದು ಓಡಿ, ಹೊರಟ ಗಾಡಿಯ ಬಾಗಿಲಿಗೆ ಕೈ ಹಾಕಿ ಹತ್ತಿದವರ ಎದೆ ಮುಂದಿನ ನಾಲ್ಕು ಸ್ಟೇಷನ್ ದಾಟಿದರೂ ಹೊಡೆದುಕೊಳ್ಳುತ್ತಲೇ ಇರುತ್ತದೆ. ಅಂಥವರಿಗೆ ನಾನು ಮೊದಲ ವಾರ ಧ್ಯಾನ ಹೇಳಿಕೊಡುವುದಿಲ್ಲ. ಈಗ ಹಿಡಿಯುವ ಗಾಡಿಗಿಂತ ಒಂದು ಗಾಡಿ ಮುಂಚಿನದನ್ನು ಹಿಡಿಯಲು ಹೇಳುತ್ತೇನೆ, ಅಷ್ಟೇ. ಒಂದೇ ಗಾಡಿ, ಒಂದೇ ಡಬ್ಬ, ಒಂದೇ ಬಾಗಿಲು ಎಂದು ಗೊತ್ತು ಮಾಡಿಕೊಳ್ಳಿ. ಎಂ-ಇಂಡಿಕೇಟರ್ ಆ್ಯಪನ್ನು ಮನೆ ಬಿಡುವಾಗ ಒಮ್ಮೆ ನೋಡಿದರೆ ಸಾಕು. ರಿಕ್ಷಾದಲ್ಲಿ ಕೂತು ನಿಮಿಷಕ್ಕೊಮ್ಮೆ ನೋಡಿದರೆ ಗಾಡಿಯೇನೂ ಬೇಗ ಬರುವುದಿಲ್ಲ. ಬೆಳಗಿನ ಹತ್ತು ನಿಮಿಷಕ್ಕಾಗಿ ರಾತ್ರಿಯ ಹತ್ತು ನಿಮಿಷ ಬಿಡಬೇಕಾಗುತ್ತದೆ. ಸೀರಿಯಲ್ಲೋ ಮೊಬೈಲೋ ಬಿಟ್ಟೀತು, ನಿದ್ದೆಯನ್ನು ಮಾತ್ರ ಬಿಡಬೇಡಿ.

2. ಉಸಿರು ಎಳೆಯುವುದಕ್ಕಿಂತ ಮೊದಲು ಬಿಡುವುದನ್ನು ಕಲಿಯಿರಿ

‘ದೀರ್ಘವಾಗಿ ಉಸಿರು ತಗೊಳ್ಳಿ’ ಅಂದರೆ ಎಲ್ಲರೂ ಭುಜ ಎತ್ತಿ, ಸೈಕಲ್ ಪಂಪಿನ ಹಾಗೆ ಎದೆ ಉಬ್ಬಿಸುತ್ತಾರೆ. ಇಕ್ಕಟ್ಟಿನ ಡಬ್ಬದಲ್ಲಿ ಅದಕ್ಕೆ ಜಾಗವೂ ಇಲ್ಲ, ಅದರಿಂದ ಲಾಭವೂ ಇಲ್ಲ. ಶಾಂತಿಯ ಕೀಲಿ ಇರುವುದು ಬಿಡುವ ಉಸಿರಿನಲ್ಲಿ. ಉಸಿರು ಒಳಗೆ ಹೋಗುವಾಗ ಹೃದಯದ ಬಡಿತ ಸ್ವಲ್ಪ ಏರುತ್ತದೆ, ಹೊರಬರುವಾಗ ಇಳಿಯುತ್ತದೆ. ಮೆದುಳಿನಿಂದ ಹೊಟ್ಟೆಯವರೆಗೆ ಇಳಿಯುವ ವೇಗಸ್ ನರದ ಕೆಲಸ ಅದು. ಬಿಡುವ ಹೊತ್ತು ಉದ್ದವಾದಷ್ಟೂ ದೇಹಕ್ಕೆ ‘ಅಪಾಯವಿಲ್ಲ’ ಎಂಬ ಸುದ್ದಿ ಹೋಗುತ್ತದೆ. ಪತಂಜಲಿಯ ಯೋಗಸೂತ್ರದ ಮೊದಲ ಪಾದದ 34ನೇ ಸೂತ್ರವೂ ಮನಸ್ಸು ತಿಳಿಯಾಗಲು ಉಸಿರನ್ನು ಹೊರಬಿಡುವ ದಾರಿಯನ್ನೇ ತೋರಿಸುತ್ತದೆ.

ಮಾಡುವ ಬಗೆ ಹೀಗೆ. ಬಾಯಿ ಮುಚ್ಚಿ, ಮೂಗಿನಿಂದ ನಾಲ್ಕು ಎಣಿಸುವಷ್ಟು ಹೊತ್ತು ಉಸಿರು ತೆಗೆದುಕೊಳ್ಳಿ. ಹೊಟ್ಟೆ ಮಾತ್ರ ಮುಂದೆ ಬರಲಿ, ಭುಜ ಅಲುಗಬಾರದು. ಆಮೇಲೆ ಆರು ಎಣಿಸುತ್ತಾ ಮೂಗಿನಿಂದಲೇ ಬಿಡಿ. ತಡೆದು ಹಿಡಿಯುವ ಕುಂಭಕ ಲೋಕಲ್ಲಿನಲ್ಲಿ ಬೇಡ. ಸಾಮಾನ್ಯವಾಗಿ ನಿಮಿಷಕ್ಕೆ ಹನ್ನೆರಡರಿಂದ ಇಪ್ಪತ್ತು ಬಾರಿ ಉಸಿರಾಡುವ ನಾವು ಹೀಗೆ ಮಾಡಿದಾಗ ಆರಕ್ಕೆ ಇಳಿಯುತ್ತೇವೆ. ಮುಳುಂದ್ ದಾಟುವಷ್ಟರಲ್ಲಿ ಆರಂಭಿಸಿದರೆ ಭಾಂಡುಪ್‌ಗೆ ಬರುವಾಗ ಕೈಬೆರಳು ಬೆಚ್ಚಗಾದದ್ದು ತಿಳಿಯುತ್ತದೆ. ಐರೋಲಿಗೆ ಹೋಗುವ ಹುಡುಗನೊಬ್ಬ ಒಮ್ಮೆ ದೂರಿದ: ‘ಟೀಚರ್, ಎಣಿಸ್ತಾ ಎಣಿಸ್ತಾ ನನ್ನ ಸ್ಟೇಷನ್ ದಾಟಿಹೋಯ್ತು!’ ‘ಒಳ್ಳೆಯದೇ ಆಯ್ತಪ್ಪ, ಇನ್ನು ಮೇಲೆ ರಬಾಳೆಯಲ್ಲಿ ಇಳಿದು ವಾಪಸ್ ಬರುವಷ್ಟು ಮುಂಚೆ ಹೊರಡು’ ಅಂದೆ. ದಮ್ಮು, ಹೃದಯದ ತೊಂದರೆ ಇದ್ದವರು ಎಣಿಕೆಯ ಹಟ ಬಿಟ್ಟು, ಸುಲಭವಾದಷ್ಟೇ ಮಾಡಲಿ. ಮೊದಲು ಡಾಕ್ಟರನ್ನು ಕೇಳಲಿ.

3. ನಿಂತಲ್ಲೇ ದೇಹ ಸಡಿಲಿಸುವುದು ಒಂದು ಆಸನ

ಕಲ್ಯಾಣದಿಂದ ವಿ.ಟಿ.ಗೆ ಫಾಸ್ಟ್ ಲೋಕಲ್ಲಿನಲ್ಲೂ ಒಂದು ಗಂಟೆ ಮೀರುತ್ತದೆ. ಸೀಟು ಸಿಗದವರು ಅಷ್ಟು ಹೊತ್ತೂ ಕೋಪದಲ್ಲಿ ನಿಲ್ಲುತ್ತಾರೆ. ಕೋಪ ಇರುವುದು ದವಡೆಯಲ್ಲಿ, ಭುಜದಲ್ಲಿ, ಮಂಡಿಯಲ್ಲಿ. ನೋಡಿಕೊಳ್ಳಿ: ಹಲ್ಲು ಕಚ್ಚಿದ್ದೀರಾ? ನಾಲಿಗೆಯನ್ನು ಅಂಗುಳಿನಿಂದ ಬಿಡಿಸಿ ಕೆಳಗಿಳಿಸಿ. ಪಾದಗಳ ನಡುವೆ ಒಂದು ಗೇಣು ಅಂತರವಿರಲಿ, ಮಂಡಿ ಬಿಗಿಯದಿರಲಿ. ಗಾಡಿ ಅಲುಗಿದಾಗ ಮೈ ಅದರ ಜೊತೆ ಅಲುಗಲಿ. ಮೇಲಿನ ಹಿಡಿಕೆಯನ್ನು ಮುಷ್ಟಿ ಕಟ್ಟಿ ಹಿಡಿಯುವ ಬದಲು ಬೆರಳು ಕೊಂಡಿ ಮಾಡಿ ತೂಗುಹಾಕಿ. ಬ್ಯಾಗು ಬೆನ್ನಿನಿಂದ ಹೊಟ್ಟೆಯ ಮೇಲೆ ಬರಲಿ. ನಿಮ್ಮ ಭುಜಕ್ಕೂ ಆರಾಮ, ಹಿಂದಿನವರ ಮುಖಕ್ಕೂ ಆರಾಮ.

ಆಮೇಲೆ ಒಂದೊಂದೇ ಭಾಗವನ್ನು ಬಿಗಿದು ಬಿಡಿ: ಎಡ ಮುಷ್ಟಿ, ಬಲ ಮುಷ್ಟಿ, ಭುಜ, ಹುಬ್ಬು, ಕಾಲಿನ ಬೆರಳು. ಶಿಕಾಗೋದ ವೈದ್ಯ ಎಡ್ಮಂಡ್ ಜೇಕಬ್ಸನ್ 1929ರಲ್ಲಿ ಬರೆದ ಪುಸ್ತಕದಿಂದ ಪ್ರಸಿದ್ಧವಾದ ವಿಧಾನವಿದು. ನಮ್ಮ ಶವಾಸನದ ತರ್ಕವೂ ಹೆಚ್ಚುಕಡಿಮೆ ಇದೇ. ಮಲಗಲು ಜಾಗವಿಲ್ಲದವರು ನಿಂತೇ ಮಾಡಬಹುದು. ಪಕ್ಕದವರಿಗೆ ಗೊತ್ತೂ ಆಗುವುದಿಲ್ಲ.

4. ಚೌಥಿ ಸೀಟಿನ ಜಗಳಕ್ಕೆ ಪತಂಜಲಿಯನ್ನು ಕರೆಯಿರಿ

ಮೂವರ ಬೆಂಚಿನಲ್ಲಿ ನಾಲ್ಕನೆಯವರು ಅರ್ಧ ಕೂತು ಅರ್ಧ ತೂಗಾಡುವುದು ನಮ್ಮ ಲೋಕಲ್ಲಿನ ಅಲಿಖಿತ ಕಾನೂನು. ‘ಜರಾ ಸರಕಾ ನಾ’ ಎಂದು ಆರಂಭವಾದ ಮಾತು ಎಷ್ಟು ಬೇಗ ಊರು, ಭಾಷೆ, ಜಾತಿಗೆ ಹೋಗುತ್ತದೆಂದು ಲೇಡೀಸ್ ಡಬ್ಬದಲ್ಲಿ ಕೂತವರಿಗೆ ಗೊತ್ತು. ಯೋಗಸೂತ್ರದಲ್ಲಿ ಮೊದಲ ಪಾದದ 33ನೇ ಸೂತ್ರ ನಾಲ್ಕು ಬಗೆಯ ಜನರ ಜೊತೆ ನಾಲ್ಕು ಬಗೆಯಲ್ಲಿರಲು ಹೇಳುತ್ತದೆ: ಸುಖಿಗಳೊಡನೆ ಸ್ನೇಹ, ದುಃಖಿಗಳಲ್ಲಿ ಕರುಣೆ, ಒಳ್ಳೆಯವರನ್ನು ಕಂಡು ಸಂತೋಷ, ಕೆಡುಕರ ಬಗ್ಗೆ ಉಪೇಕ್ಷೆ.

ಇದನ್ನು ಡಬ್ಬಕ್ಕೆ ತನ್ನಿ. ಕಿಟಕಿ ಸೀಟು ಸಿಕ್ಕವಳ ಮೇಲೆ ಹೊಟ್ಟೆಕಿಚ್ಚು ಬೇಡ, ಇಂದು ಅವಳ ಪಾಳಿ. ಬಸುರಿ, ಮುದುಕಿ, ರಾತ್ರಿ ಪಾಳಿ ಮುಗಿಸಿದ ನರ್ಸ್ ನಿಂತಿದ್ದರೆ ಎದ್ದು ಕೊಡಿ. ‘ನಾನು ಘಾಟ್‌ಕೋಪರ್‌ನಲ್ಲಿ ಇಳೀತೀನಿ, ನೀವು ಕೂತ್ಕೊಳ್ಳಿ’ ಎಂದು ತಾನಾಗಿ ಹೇಳುವವಳನ್ನು ನೋಡಿ ಖುಷಿಪಡಿ. ಇಡೀ ಗುಂಪಿಗೆ ಸೀಟು ಹಿಡಿದು ದಬಾಯಿಸುವವಳನ್ನು ಒಮ್ಮೆ ನೇರವಾಗಿ ಕೇಳಿ, ಕೇಳದಿದ್ದರೆ ಬಿಟ್ಟುಬಿಡಿ. ಉಪೇಕ್ಷೆ ಅಂದರೆ ಸೋಲೆಂದು ನಮ್ಮ ಕ್ಲಾಸಿನ ಹೆಂಗಸರು ವಾದಿಸುತ್ತಾರೆ. ಕೆಲಸದ ಜಾಗಕ್ಕೆ ಹೋಗಿ, ಮಧ್ಯಾಹ್ನದ ಡಬ್ಬಿ ಬಿಚ್ಚಿದಾಗಲೂ ಆ ಜಗಳವನ್ನೇ ಅಗಿಯುತ್ತಾ ಕೂರುವುದಲ್ಲವೇ ಸೋಲು?

5. ಖಾಡಿ ದಾಟುವಾಗ ಮೊಬೈಲ್ ಮುಚ್ಚಿಡಿ

ಮೊಬೈಲ್ ಬಿಡಿ ಎಂದು ಯಾರಿಗೆ ಹೇಳಿದರೂ ಪ್ರಯೋಜನವಿಲ್ಲ. ಎಲ್ಲಿ ಬಿಡಬೇಕೆಂದು ಹೇಳಿದರೆ ಬಿಡುತ್ತಾರೆ. ಹಾರ್ಬರ್ ಲೈನಿನವರಿಗೆ ನನ್ನ ನಿಯಮ: ಮಾನ್‌ಖುರ್ದ್ ದಾಟಿ ವಾಶಿ ಬರುವವರೆಗೆ ಮೊಬೈಲ್ ಬ್ಯಾಗಿನಲ್ಲಿ. ಸೇತುವೆಯ ಮೇಲೆ ಗಾಡಿ ಹೋಗುವಾಗ ಎರಡೂ ಬದಿಗೆ ಥಾಣೆ ಖಾಡಿ. ಇಳಿತದ ಹೊತ್ತಿನಲ್ಲಿ ಕೆಸರು ಹೊಳೆಯುತ್ತಿರುತ್ತದೆ, ದೂರಕ್ಕೆ ಕಾಂಡ್ಲಾ ಕಾಡು. ದೂರದ್ದನ್ನು ನೋಡಿದಾಗ ಕಣ್ಣಿನ ಸ್ನಾಯು ಸಡಿಲವಾಗುತ್ತದೆ. ಇಡೀ ದಿನ ಒಂದು ಅಡಿ ದೂರದ ಪರದೆ ನೋಡುವವರಿಗೆ ಅಷ್ಟೇ ದೊಡ್ಡ ವಿಶ್ರಾಂತಿ. ಈ ಖಾಡಿಯ ಒಂದು ಭಾಗ 2015ರಲ್ಲಿ ಫ್ಲೆಮಿಂಗೊ ಅಭಯಾರಣ್ಯವಾಯಿತು, 2022ರಲ್ಲಿ ರಾಮ್ಸರ್ ಪಟ್ಟಿಗೆ ಸೇರಿತು. ಚಳಿಗಾಲದಿಂದ ಬೇಸಗೆಯವರೆಗೆ ನಸುಗೆಂಪು ಹಕ್ಕಿಗಳ ಹಿಂಡು ಇಲ್ಲಿರುತ್ತದೆ. ಅವನ್ನು ನೋಡಲು ಟಿಕೆಟ್ ತೆಗೆದು ದೋಣಿಯಲ್ಲಿ ಹೋಗುವವರಿದ್ದಾರೆ. ದಿನವೂ ಪಾಸಿನಲ್ಲಿ ದಾಟುವ ನಾವು ರೀಲ್ಸ್ ನೋಡುತ್ತಿರುತ್ತೇವೆ.

ಕಲ್ಯಾಣ–ಡೊಂಬಿವಲಿಯವರಿಗೆ ಮುಂಬ್ರಾದಿಂದ ಕಳವಾವರೆಗಿನ ದಾರಿ ಇದೆ: ಒಂದು ಕಡೆ ಬೆಟ್ಟ, ಇನ್ನೊಂದು ಕಡೆ ಖಾಡಿ. ಅಷ್ಟೇ ದೂರ ಸಾಕು.

6. ಒಬ್ಬರೇ ಕೂರಲಾಗದವರು ಹಾಡಲಿ

ಕಣ್ಣು ಮುಚ್ಚಿ ಕೂತರೆ ಯೋಚನೆ ಹೆಚ್ಚಾಗುತ್ತದೆ ಎನ್ನುವವರು ಬಹಳ. ಅವರಿಗೆ ನಾನು ಭಜನೆ ಹೇಳುತ್ತೇನೆ. ಸೆಂಟ್ರಲ್ ಲೈನಿನ ಡಬ್ಬಗಳಲ್ಲಿ ತಾಳ ಹಿಡಿದು ವಿಠ್ಠಲನ ಅಭಂಗ ಹಾಡುವ ಮಂಡಳಿಗಳನ್ನು ನೀವು ಕೇಳಿರುತ್ತೀರಿ. ಆ ವಿಠ್ಠಲನೂ ಹೊರಗಿನವನಲ್ಲ. ಜ್ಞಾನೇಶ್ವರರೇ ಅವನನ್ನು ಕನ್ನಡದವನೆಂದು ಕರೆದಿದ್ದಾರೆ. ನಮ್ಮ ಘನ್ಸೋಲಿಯ ಮೂಕಾಂಬಿಕೆ, ನೆರೂಲಿನ ಶನೀಶ್ವರ ಮಂದಿರಗಳಲ್ಲಿ, ಡೊಂಬಿವಲಿ, ಕಲ್ಯಾಣದ ಮನೆಮನೆಗಳಲ್ಲಿ ದಾಸರ ಪದಗಳ ಭಜನೆ ನಡೆದುಕೊಂಡು ಬಂದಿದೆ.

ಇದರಲ್ಲಿ ಶರೀರದ ಲೆಕ್ಕವೂ ಇದೆ. ಇಟಲಿಯ ಹೃದ್ರೋಗ ತಜ್ಞ ಲುಚಿಯಾನೊ ಬೆರ್ನಾರ್ದಿ ಮತ್ತು ಸಂಗಡಿಗರು ಕ್ರೈಸ್ತರ ಜಪಮಾಲೆಯ ಪ್ರಾರ್ಥನೆಯನ್ನೂ ಬೌದ್ಧರ ‘ಓಂ ಮಣಿ ಪದ್ಮೇ ಹುಂ’ ಜಪವನ್ನೂ ಅಳೆದು ನೋಡಿ, 2001ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟಿಸಿದರು: ಎರಡರಲ್ಲೂ ಉಸಿರು ನಿಮಿಷಕ್ಕೆ ಸುಮಾರು ಆರಕ್ಕೆ ಇಳಿಯುತ್ತದೆ. ನಾನು ಎರಡನೇ ಪಾಠದಲ್ಲಿ ಎಣಿಸಲು ಹೇಳಿದ ಲೆಕ್ಕವೇ ಅದು. ಒಂದು ಸಾಲು ಹಾಡಿ ಮುಗಿಸಬೇಕಾದರೆ ಉಸಿರನ್ನು ಉದ್ದಕ್ಕೆ ಬಿಡಲೇಬೇಕಲ್ಲ! ಒಬ್ಬರು ಹೇಳಿ ಉಳಿದವರು ಮರುಹೇಳುವ ಭಜನೆಯಲ್ಲಂತೂ ಗುಂಪೇ ಉಸಿರು ತಿದ್ದುತ್ತದೆ. ಹಾಡಲು ನಾಚಿಕೆಯಾದರೆ ಮನೆಯಲ್ಲಿ ಭ್ರಾಮರಿ ಮಾಡಿ: ಬಾಯಿ ಮುಚ್ಚಿ, ದುಂಬಿಯ ನಾದದೊಂದಿಗೆ ಉಸಿರು ಬಿಡುವುದು, ಆರೇಳು ಸಲ. ಪಕ್ಕದ ಫ್ಲಾಟಿನವರು ಮಿಕ್ಸರ್ ಅಂದುಕೊಂಡಾರು, ಚಿಂತೆಯಿಲ್ಲ.

7. ಜಾಗಕ್ಕಿಂತ ಹೊತ್ತು ಮುಖ್ಯ

ಥಾಣೆಯ ಮಾಸುಂದಾ ತಲಾವ್ ಸಂಜೆ ಜಾತ್ರೆ; ಅದೇ ಕೆರೆಯ ದಂಡೆ, ಕೋಪಿನೇಶ್ವರ ಗುಡಿಯ ಗಂಟೆ ಬೆಳಗಿನ ಆರಕ್ಕೆ ಬೇರೆಯೇ ಲೋಕ. ಉಪವನ ಕೆರೆ, ಕಲ್ಯಾಣದ ದುರ್ಗಾಡಿ ಕೋಟೆಯ ಬಳಿಯ ಖಾಡಿ, ಖಾರ್‌ಘರ್‌ನ ಸೆಂಟ್ರಲ್ ಪಾರ್ಕ್ ಎಲ್ಲಕ್ಕೂ ಇದೇ ಮಾತು. ಡೊಂಬಿವಲಿಯ ಎಂ.ಐ.ಡಿ.ಸಿ. ಹತ್ತಿರದವರು ಮಾತ್ರ ಮೂಗಿನ ಮಾತು ಕೇಳಬೇಕು. ರಾಸಾಯನಿಕದ ವಾಸನೆ ಬರುವ ದಿನ ಬಯಲಿನಲ್ಲಿ ಪ್ರಾಣಾಯಾಮ ಬೇಡ, ಕಿಟಕಿ ಮುಚ್ಚಿ ಒಳಗೆ ಕೂತು ಜಪ ಮಾಡಿ.

ಒನ್ ಬಿ.ಎಚ್.ಕೆ.ಯಲ್ಲಿ ಐದು ಜನ ಇರುವ ಮನೆಯವರು ‘ನಮಗೆ ಕೋಣೆ ಎಲ್ಲಿದೆ?’ ಅನ್ನುತ್ತಾರೆ. ಕೋಣೆ ಬೇಡ, ಒಂದು ಚಾಪೆ ಸಾಕು. ನಲ್ಲಿ ನೀರು ಬರುವ ಮುಂಚೆ ಅಡುಗೆಮನೆಯ ನೆಲ ನಿಮ್ಮದೇ. ದಿನವೂ ಅದೇ ಚಾಪೆ, ಅದೇ ಮೂಲೆ, ಅದೇ ಹೊತ್ತು. ವಾರ ಕಳೆಯುವಷ್ಟರಲ್ಲಿ ಮನೆಯವರೂ ಆ ಹೊತ್ತಿಗೆ ಕೂಗುವುದನ್ನು ಬಿಡುತ್ತಾರೆ. ಗುರುಮುಖೇನ ಕಲಿಯಬೇಕೆನ್ನುವವರು ದೂರ ಹೋಗಬೇಕಿಲ್ಲ. ಥಾಣೆಯ ಘಂಟಾಳಿ ಮಿತ್ರ ಮಂಡಳ, ಅಂಬಿಕಾ ಯೋಗ ಕುಟೀರ ದಶಕಗಳಿಂದ ಯೋಗ ಕಲಿಸುತ್ತಿವೆ. ಕಸಾರಾ ಘಾಟಿ ಹತ್ತಿದರೆ ಇಗತ್‌ಪುರಿಯಲ್ಲಿ ಎಸ್.ಎನ್. ಗೋಯೆಂಕಾ ಅವರು ಕಟ್ಟಿದ ಧಮ್ಮಗಿರಿ ಇದೆ. 1976ರಿಂದ ಅಲ್ಲಿ ವಿಪಶ್ಯನ ಶಿಬಿರ ನಡೆಯುತ್ತದೆ. ಹತ್ತು ದಿನ ಮೌನ, ಶುಲ್ಕವಿಲ್ಲ. ಹೋಗಿಬನ್ನಿ. ಆದರೆ ಶಿಬಿರದಿಂದ ಬಂದ ಮರುದಿನದ ಲೋಕಲ್ಲೇ ನಿಜವಾದ ಪರೀಕ್ಷೆ. ಮನೆಯಲ್ಲಿ ಹದಿನೈದು ನಿಮಿಷ ಕೂರದವರಿಗೆ ಹತ್ತು ದಿನದ ಮೌನ ನಿಲ್ಲುವುದಿಲ್ಲ.

8. ಗಾಡಿ ನಿಂತಾಗಿನ ಪಾಠವನ್ನು ಗಾಡಿ ಓಡುವಾಗಲೇ ಕಲಿಯಿರಿ

2005ರ ಜುಲೈ 26ನ್ನು ಇಲ್ಲಿ ಯಾರೂ ಮರೆತಿಲ್ಲ. ಸಾಂತಾಕ್ರೂಜ್‌ನಲ್ಲಿ 24 ಗಂಟೆಗೆ 944 ಮಿ.ಮೀ. ಮಳೆ, ಗಾಡಿಗಳು ನಿಂತಲ್ಲೇ ನಿಂತವು, ಜನ ಹಳಿಯ ಮೇಲೆ ಸೊಂಟಮಟ್ಟ ನೀರಿನಲ್ಲಿ ನಡೆದರು. 2017ರ ಸೆಪ್ಟೆಂಬರ್ 29ರಂದು ಎಲ್ಫಿನ್‌ಸ್ಟನ್ ರೋಡ್ ಸ್ಟೇಷನ್ನಿನ ಪಾದಚಾರಿ ಸೇತುವೆಯಲ್ಲಿ, ಮಳೆಗೆ ನಿಂತವರ ನಡುವೆ ನೂಕುನುಗ್ಗಲಾಗಿ 23 ಜನ ಸತ್ತರು. ಇಂಥ ಹೊತ್ತಿನಲ್ಲಿ ಹೊಸದಾಗಿ ಶಾಂತಿ ಕಲಿಯಲು ಆಗುವುದಿಲ್ಲ. ಕೈಗೆ ರೂಢಿಯಾದದ್ದು ಮಾತ್ರ ಬರುತ್ತದೆ.

ಆದ್ದರಿಂದ ಮಳೆಗಾಲಕ್ಕೆ ಮುಂಚೆಯೇ ಕ್ಲಾಸಿನಲ್ಲಿ ಇದನ್ನು ಮಾಡಿಸುತ್ತೇನೆ. ಜನರ ಒತ್ತಡ ಹೆಚ್ಚಾದಾಗ ಎರಡೂ ಮುಂಗೈಗಳನ್ನು ಎದೆಯ ಮುಂದೆ ಅಡ್ಡ ಹಿಡಿದು ಉಸಿರಿಗೆ ಜಾಗ ಮಾಡಿಕೊಳ್ಳಿ. ನೂಕಿದವರನ್ನು ತಿರುಗಿ ನೂಕಬೇಡಿ, ಅಡ್ಡಡ್ಡವಾಗಿ ಅಂಚಿನ ಕಡೆ ಸರಿಯಿರಿ. ಬಿದ್ದ ಚಪ್ಪಲಿ, ಮೊಬೈಲಿಗೆ ಬಗ್ಗಬೇಡಿ. ಕೂಗಿ ಉಸಿರು ಕಳೆಯಬೇಡಿ. ಗಾಡಿ ಎರಡು ಸ್ಟೇಷನ್ ನಡುವೆ ನಿಂತರೆ ಮನೆಗೆ ಒಂದೇ ಫೋನು ಮಾಡಿ, ಬ್ಯಾಟರಿ ಉಳಿಸಿ. ಆಮೇಲೆ ನಾಲ್ಕು–ಆರರ ಉಸಿರು. ಬ್ಯಾಗಿನಲ್ಲಿ ನೀರು, ಒಂದು ಪುಟ್ಟ ಪೊಟ್ಟಣ ಚಿಕ್ಕಿ, ದಿನದ ಮಾತ್ರೆ ಜೂನಿನಿಂದ ಸೆಪ್ಟೆಂಬರ್‌ವರೆಗೆ ಇರಲೇಬೇಕು. ಹಸಿದವರಿಗೆ ಧ್ಯಾನ ಹತ್ತದು.

9. ಉಸಿರು ಮದ್ದಲ್ಲ, ಮದ್ದು ಬೇಕಾದವರು ಮದ್ದಿಗೆ ಹೋಗಿ

ವಾರಗಟ್ಟಲೆ ನಿದ್ದೆ ಬಾರದವರು, ಊಟ ಸೇರದವರು, ಡಬ್ಬ ಹತ್ತಲು ಹೋದರೆ ಎದೆ ಹಿಂಡಿ ಬೆವರುವವರು, ಬದುಕೇ ಬೇಡ ಅನ್ನಿಸುವವರು ನನ್ನ ಕ್ಲಾಸಿಗೂ ಬರುತ್ತಾರೆ. ಅವರನ್ನು ನಾನು ಚಾಪೆಯ ಮೇಲೆ ಕೂರಿಸುವ ಮೊದಲು ಡಾಕ್ಟರ ಬಳಿ ಕಳಿಸುತ್ತೇನೆ. ‘ಅಯ್ಯೋ ಅಕ್ಕ, ಥಾಣೆ ಅಂದ್ರೆ ಜನ ಏನಂದ್ಕೊಳ್ತಾರೆ!’ ಎಂದು, ಥಾಣೆಯ ಡಾಕ್ಟರನ್ನು ಕಾಣಲು ಹೇಳಿದಾಗ ಹೆಂಗಸೊಬ್ಬರು ಗಾಬರಿಯಾದರು. 1901ರಿಂದ ಮನೋರೋಗ ಆಸ್ಪತ್ರೆ ಇರುವ ಊರಾದ್ದರಿಂದ ಥಾಣೆಯ ಹೆಸರು ಸುತ್ತಮುತ್ತ ಬೈಗುಳವಾಗಿಬಿಟ್ಟಿದೆ. ಅದೇ ಊರಿನಲ್ಲಿ 1990ರಲ್ಲಿ ಡಾ. ಆನಂದ ನಾಡಕರ್ಣಿ ಕಟ್ಟಿದ ಐ.ಪಿ.ಎಚ್. ಸಂಸ್ಥೆಯೂ ಇದೆ, ಮನಸ್ಸಿನ ಆರೋಗ್ಯವನ್ನು ಮನೆಮಾತಾಗಿಸಲು ಅದು ದುಡಿಯುತ್ತಿದೆ. ಮರಾಠಿ, ಹಿಂದಿಯಲ್ಲಿ ಮನಸ್ಸು ಬಿಚ್ಚಲಾಗದಿದ್ದರೆ ಕೇಂದ್ರ ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಈ ಸೇವೆಯಲ್ಲಿ ಕನ್ನಡದಲ್ಲೂ ಮಾತಾಡಬಹುದು. ತಾಯಿನುಡಿಯಲ್ಲಿ ಅಳುವುದು ಸುಲಭ.

10. ತಾಳ್ಮೆಯ ಹೆಸರಿನಲ್ಲಿ ಎಲ್ಲವನ್ನೂ ನುಂಗಬೇಡಿ

2025ರ ಜೂನ್ 9ರ ಬೆಳಿಗ್ಗೆ ಮುಂಬ್ರಾದ ತಿರುವಿನಲ್ಲಿ, ಎದುರುಬದುರು ಹೋಗುತ್ತಿದ್ದ ಎರಡು ಲೋಕಲ್ಲುಗಳ ಬಾಗಿಲಲ್ಲಿ ತೂಗಾಡುತ್ತಿದ್ದವರು ಹಳಿಗೆ ಬಿದ್ದರು; ಹಲವರು ಪ್ರಾಣ ಕಳೆದುಕೊಂಡರು. ಆ ವಾರ ಕ್ಲಾಸಿನಲ್ಲಿ ಯಾರೂ ಕಣ್ಣು ಮುಚ್ಚಲು ಒಪ್ಪಲಿಲ್ಲ. ಅವರ ಮಾತು ಸರಿಯಿತ್ತು. ಗಾಡಿ ಕಡಿಮೆ, ಜನ ಹೆಚ್ಚು, ಬಾಗಿಲು ತೆರೆದದ್ದು. ಇದಕ್ಕೆ ಪ್ರಾಣಾಯಾಮ ಪರಿಹಾರವಲ್ಲ. ಹೆಚ್ಚು ಗಾಡಿ ಬೇಕು, ಮುಚ್ಚುವ ಬಾಗಿಲು ಬೇಕು, ಕಚೇರಿಗಳ ಹೊತ್ತು ಬೇರೆಬೇರೆಯಾಗಬೇಕು. ಕೇಳಬೇಕು, ಬರೆಯಬೇಕು, ಪ್ರವಾಸಿ ಸಂಘಟನೆಗಳ ಜೊತೆ ನಿಲ್ಲಬೇಕು. ಮನಸ್ಸು ತಣ್ಣಗಿದ್ದವರ ಅರ್ಜಿ ಸ್ಪಷ್ಟವಾಗಿರುತ್ತದೆ, ಅವರ ದನಿ ಕೊನೆಯವರೆಗೆ ಬಾಳುತ್ತದೆ. ಕೂಗಾಡಿದವರು ಎರಡು ದಿನದಲ್ಲಿ ಸುಸ್ತಾಗಿ ಮತ್ತೆ ಬಾಗಿಲಿಗೆ ತೂಗಾಡುತ್ತಾರೆ. ನೆಮ್ಮದಿಯಿಂದ ನನಗೆ ಬೇಕಾದದ್ದು ಆ ಬಾಳಿಕೆ.

ಈ ಹತ್ತನ್ನೂ ಒಟ್ಟಿಗೆ ಹಿಡಿಯಲು ಹೋಗಬೇಡಿ. ಒಂದನೆಯದು ಮತ್ತು ಎರಡನೆಯದು, ಇವೆರಡನ್ನೇ ಒಂದು ತಿಂಗಳು ಮಾಡಿ. ಉಳಿದವು ತಾವಾಗಿ ಬೇಕೆನಿಸುತ್ತವೆ. ಮತ್ತೆ ಒಂದು ಮಾತು: ಎಷ್ಟೇ ತಡವಾದರೂ, ದಯವಿಟ್ಟು, ಓಡುವ ಗಾಡಿಯನ್ನು ಹತ್ತಬೇಡಿ. ಹಿಂದೆಯೇ ಇನ್ನೊಂದು ಬರುತ್ತದೆ.